ಸಿಂದಗಿ ರಸ್ತೆಯಲ್ಲಿ ತೇಲುವ ಕಾರು

ಸಿಂದಗಿಯಿಂದ ವಿಜಯಪುರಕ್ಕೆ, ರಾಷ್ಟ್ರೀಯ ಹೆದ್ದಾರಿ 50. ಘಾಟಿಲ್ಲ, ಬಯಲು ಸೀಮೆಯ ನೆಟ್ಟನೆ ದಾರಿ. ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಉಳಿಸಲು ಇದಕ್ಕಿಂತ ಒಳ್ಳೆಯ ರಸ್ತೆ ಬೇಕೆ?

ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೋಟಾ ಹೈರೈಡರ್ ಹೈಬ್ರಿಡ್‌ಗೆ ಲೀಟರಿಗೆ 27.97 ಕಿಲೋಮೀಟರ್ ಎಂಬ ಪ್ರಮಾಣಪತ್ರವಿದೆ. ಅದು ಪ್ರಯೋಗಾಲಯದ ಲೆಕ್ಕ. ರಸ್ತೆಯಲ್ಲಿ ಅದರ ಹತ್ತಿರ ಹೋಗುವುದು ನಿಮ್ಮ ಬಲಗಾಲಿನ ಕೆಲಸ.

ಎಂಜಿನ್‌ಗೆ ಅರೆಬರೆ ಕೆಲಸ ಕೊಟ್ಟಷ್ಟೂ ಪೆಟ್ರೋಲ್ ದಂಡ. ಹಾಗಾಗಿ ಹದವಾಗಿ ಒತ್ತಿ, 60ಕ್ಕೆ ಏರಿಸಿ. ಕಾಲು ಪೂರ್ತಿ ಎತ್ತಿ, ಎಂಜಿನ್ ನಿಲ್ಲುತ್ತದೆ. ಈಗ ಎಕ್ಸಲರೇಟರನ್ನು ತುಸುವೇ ತುಸು ಒತ್ತಿ. ಪರದೆಯ ಮೇಲಿನ ಬಾಣಗಳು ಮಾಯವಾದವೇ? ಬ್ಯಾಟರಿ ಚಾರ್ಜೂ ಆಗುತ್ತಿಲ್ಲ, ಖರ್ಚೂ ಆಗುತ್ತಿಲ್ಲ. ಕಾರು ಬರೀ ತೇಲುತ್ತಿದೆ! 45ಕ್ಕೆ ಇಳಿದಾಗ ಮತ್ತೆ ಏರಿಸಿ. ಬ್ಯಾಟರಿಗೆ ತುಂಬಿ, ಮತ್ತೆ ತೆಗೆದರೆ ಎರಡೂ ಸಲ ಒಂದಿಷ್ಟು ಶಕ್ತಿ ಸೋರುತ್ತದೆ. ತೇಲುವಾಗ ಆ ನಷ್ಟವಿಲ್ಲ.

ಹಿಂದೆ ವಾಹನವಿದ್ದರೆ ಇದು ಬೇಡವೇ ಬೇಡ. ನ್ಯೂಟ್ರಲ್‌ಗೂ ಹಾಕಬೇಡಿ, ಬ್ಯಾಟರಿ ಚಾರ್ಜ್ ಆಗುವುದಿಲ್ಲ.

ಇನ್ನೊಂದು ಮಾತು. ಕಬ್ಬಿನ ಹಂಗಾಮಿನಲ್ಲಿ ಇಂಡಿ ಕಡೆ ಲಾರಿಗಳ ಬೆನ್ನಿಗಂಟಿ ಗಾಳಿ ತಪ್ಪಿಸುವ ಸಾಹಸ ದಯವಿಟ್ಟು ಮಾಡಬೇಡಿ. ವೇಗವನ್ನು 100ರಿಂದ 80ಕ್ಕೆ ಇಳಿಸಿ ಸಾಕು, ಗಾಳಿಯ ತಡೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತಗ್ಗುತ್ತದೆ.