ನಿಮಗಿದು ಗೊತ್ತೆ? ಬರಗಾಲದ ಬುತ್ತಿ ನೆಲದೊಳಗಿತ್ತು

ಭಾರತ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಯಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಆಗುಂಬೆಯ ಹಾಳೆ ಬಿಡಿಸಿದರೆ ಘಟ್ಟದ ಅಂಚಿನಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳು ಒತ್ತೊತ್ತಾಗಿರುತ್ತವೆ. ರೇಖೆ ಒತ್ತಾದಷ್ಟೂ ಇಳಿಜಾರು ಕಡಿದು. ಅರಬ್ಬಿ ಸಮುದ್ರದ ಮೋಡ ಈ ಕಡಿದಾದ ಘಟ್ಟ ಏರುವಾಗ ತಣಿದು ಸುರಿಯುತ್ತದೆ: ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು. ಪೂರ್ವದ ಚಳ್ಳಕೆರೆಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ನಿತ್ಯಹರಿದ್ವರ್ಣ ಕಾಡು, ಎಲೆ ಉದುರುವ ಕಾಡು, ಕುರುಚಲು, ಹುಲ್ಲುಗಾವಲು ಎಲ್ಲವೂ ಈ ಎರಡು ಊರುಗಳ ನಡುವಿನ ಒಂದೇ ದಿನದ ಬಸ್ ಪ್ರಯಾಣದಲ್ಲಿ ಸಿಗುತ್ತವೆ. ಬಯೋಮ್ (ಹವೆಗೆ ತಕ್ಕ ಜೀವವಲಯ) ಪಾಠಕ್ಕೆ ಮಕ್ಕಳನ್ನು ಈ ದಾರಿಯಲ್ಲೇ ಕರೆದೊಯ್ಯಬೇಕು.

ಇನ್ನು ಊಟದ ವಿಷಯ. ಚಳ್ಳಕೆರೆಯಂಥ ಮಳೆನೆರಳಿನ ನಾಡನ್ನು ಸಾಕಿದ್ದು ರಾಗಿ, ಜೋಳ. ಅವುಗಳನ್ನು ಕಾಪಾಡಿದ್ದು ಹಗೇವು. ನೆಲದಲ್ಲಿ ಆಳವಾಗಿ ತೋಡಿದ ಈ ಗುಂಡಿಗೆ ಕಾಳು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಕಾಳು ಉಸಿರಾಡುತ್ತದೆ, ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳುಗಳಿಗೆ ಬದುಕಲಾಗದು. ಮನುಷ್ಯರಿಗೂ ಆ ಗಾಳಿ ಪ್ರಾಣಾಂತಕ. ಅದಕ್ಕೇ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ಅದು ಉರಿಯುತ್ತದೆಯೇ ಎಂದು ನೋಡಿಯೇ ಇಳಿಯುತ್ತಿದ್ದರು. ಔಷಧಿಯಿಲ್ಲದೆ ವರ್ಷಗಟ್ಟಲೆ ಧಾನ್ಯ ಉಳಿಸಿದ ಈ ಜಾಣ್ಮೆ ಆಹಾರ ಭದ್ರತೆಯ ಪಾಠದ ಮೊದಲ ಪುಟದಲ್ಲಿರಬೇಕು.

ಅಂದಹಾಗೆ, ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವುದು ಕರ್ನಾಟಕ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ; ಅಕ್ಕಿಗಿಂತ ಹತ್ತಾರು ಪಟ್ಟು.