ಮಂಗನ ಮೇಲೊಂದು ಅಪವಾದ

ಸತ್ತೂರದ ನಮ್ಮ ಓಣಿಯ ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು, ಸಿದ್ದಾಪುರದ ಕಡೆ ಮಂಗನ ಕಾಯಿಲೆ ಮತ್ತೆ ತಲೆಯೆತ್ತಿದ ಸುದ್ದಿಯಲ್ಲಿ ಕಣ್ಣು ನಿಲ್ಲಿಸಿ, “ಅಲ್ರೀ, ಇದು ಮಂಗ್ಯಾ ಕಚ್ಚಿದ್ರ ಬರೂ ಜಡ್ಡೇನ್ರೀ?” ಎಂದು ಕೇಳಿದರು. ಮಲೆನಾಡಿನ ಸೆರಗಿನಲ್ಲಿರುವ ನಮಗೆ ಈ ಸಂದೇಹ ಸಹಜವೇ. ದೋಷವಿರುವುದು ರೋಗಕ್ಕಿಟ್ಟ ಹೆಸರಿನಲ್ಲಿ.

1957ರ ಬೇಸಗೆಯಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಒಂದರ ಹಿಂದೊಂದು ಸತ್ತು ಬೀಳತೊಡಗಿ, ಸುತ್ತಲ ಹಳ್ಳಿಗರು ತೀವ್ರಜ್ವರದಿಂದ ಹಾಸಿಗೆ ಹಿಡಿದಾಗ, ಹಳದಿ ಜ್ವರವೇ ಕಡಲು ದಾಟಿ ಬಂದಿತೋ ಎಂಬ ಭೀತಿ ತಜ್ಞರನ್ನೂ ಆವರಿಸಿತ್ತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪತ್ತೆಹಚ್ಚಿದ ವೈರಾಣುವಾದರೋ ರಷ್ಯದ ಕಾಡುಗಳಲ್ಲಿ ಮೆದುಳುಜ್ವರ ತರುವ ವೈರಾಣುವಿನ ದಾಯಾದಿ. ವಲಸೆಯ ಹಕ್ಕಿಗಳೇ ಅದನ್ನು ಹೊತ್ತು ತಂದವೇನೋ ಎಂದು ಅವುಗಳ ಬೆನ್ನು ಹತ್ತಿದವರೂ ಉಂಟು.

ಈ ವೈರಾಣುವಿನ ವಾಹಕವು ತರಗೆಲೆಗಳ ನಡುವೆ ಅಡಗಿರುವ ಉಣುಗು. ಮರಿಯಾಗಿದ್ದಾಗ ಇಲಿ ಅಳಿಲುಗಳನ್ನೂ, ಕಣ್ಣಿಗೆ ಸುಲಭವಾಗಿ ಬೀಳದಷ್ಟು ಕಿರಿದಾದ ಮಧ್ಯಾವಸ್ಥೆಯಲ್ಲಿ ಮಂಗನನ್ನೋ ಮನುಷ್ಯನನ್ನೋ, ಬಲಿತ ಮೇಲೆ ದನವನ್ನೂ ಆಶ್ರಯಿಸಿ ನೆತ್ತರುಂಡು ಬಾಳುವ ಈ ಕ್ಷುದ್ರಜೀವಿ, ಮಂಗವು ಸತ್ತು ಮೈ ತಣ್ಣಗಾದೊಡನೆ ಕೆಳಗಿಳಿದು ಆ ನೆಲವನ್ನೇ ರೋಗದ ಮಡುವನ್ನಾಗಿ ಮಾಡುತ್ತದೆ. ಅಪರಾಧಿಯೆನಿಸಿಕೊಂಡ ಮಂಗವು ನಮಗಿಂತ ಮೊದಲೇ ಬಲಿಯಾದ ನೆರೆಯ ಪ್ರಾಣಿ. ದನವನ್ನು ಈ ರೋಗ ಬಾಧಿಸದು. ಆದರೆ ಕಾಡಿಗೆ ಮೇಯಬಿಟ್ಟ ದನದ ಮೈಯಲ್ಲೇ ಉಣುಗಿನ ಸಂತತಿ ವರ್ಧಿಸುತ್ತದೆ. ಇನ್ನು ಮನುಷ್ಯನ ಪಾಲನ್ನು ಹೇಳುವುದಾದರೆ, ಬೆಳ್ತಂಗಡಿ ತಾಲೂಕಿನ ನಿಡ್ಲೆಯಲ್ಲಿ ಗೇರುತೋಟಕ್ಕಾಗಿ ಕಾಡು ಕಡಿದ ಬೆನ್ನಿಗೇ, 1982–83ರಲ್ಲಿ, ಅಲ್ಲಿ ರೋಗ ಉಲ್ಬಣಿಸಿತು.

ಹಠಾತ್ತನೆ ಏರುವ ಜ್ವರ, ತಲೆಶೂಲೆ, ಮೈ ಹಿಂಡುವ ನೋವು, ಕೆಲವರಲ್ಲಿ ರಕ್ತಸ್ರಾವ. ಇಳಿಯಿತೆಂದು ನಿಟ್ಟುಸಿರುಬಿಟ್ಟ ಜ್ವರವು ಕೆಲವರಿಗೆ ವಾರದ ಮೇಲೆ ಮರಳಿ ನರಮಂಡಲವನ್ನು ಹಿಡಿಯುತ್ತದೆ. ನೂರಕ್ಕೆ 3ರಿಂದ 5 ಮಂದಿ ಉಳಿಯುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡದೆಂಬುದೊಂದೇ ಸಮಾಧಾನ. ನಿರ್ದಿಷ್ಟ ಔಷಧವಿಲ್ಲ, ದಶಕಗಳಿಂದ ಕೊಡುತ್ತಿದ್ದ ಲಸಿಕೆಯನ್ನೂ ಫಲ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಕೊಟ್ಟಿಗೆಗೆಂದು ಅಡಕೆ ಬೆಳೆಗಾರರು ಸೊಪ್ಪಿನಬೆಟ್ಟದಲ್ಲಿ ತರಗೆಲೆ ಗುಡಿಸುವ ಚಳಿ–ಬೇಸಗೆಯ ತಿಂಗಳುಗಳೇ ಉಣುಗು ಕಚ್ಚುವ ತಿಂಗಳುಗಳೂ ಆಗಿರುವುದರಿಂದ, ಅವರಿಗೆ ಸದ್ಯಕ್ಕಿರುವ ರಕ್ಷಣೆ ಮೈತುಂಬ ಬಟ್ಟೆ, ಸವರಿಕೊಳ್ಳುವ ಎಣ್ಣೆ, ಮನೆಗೆ ಬಂದೊಡನೆ ಬಿಸಿನೀರ ಸ್ನಾನ.

ಕಾಡಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕೆಂದೆ. ಹಿರಿಯರು ಕನ್ನಡಕ ತೆಗೆದರು. “ನಮ್ಮಲ್ಲಿ ಹನಮಪ್ಪ ಅಂತ ಭಜನಿ ಮಾಡಿ ಮಣ್ಣು ಕೊಡತೇವಲ್ರೀ?”

“ಭಜನಿ ದೂರ ನಿಂತೂ ಮಾಡಬಹುದ್ರೀ” ಎಂದೆ.