ಒಂದೇ ಸೂರು, ಐವತ್ತು ಬಾಗಿಲು

ಮಲೇಷ್ಯಾದ ಸರವಾಕ್ ರಾಜ್ಯದ ವಿಸ್ತೀರ್ಣ ಕರ್ನಾಟಕದ ಸುಮಾರು ಮೂರನೇ ಎರಡು ಪಾಲು. ಜನಸಂಖ್ಯೆ ಮಾತ್ರ 2020ರ ಗಣತಿಯಂತೆ 24.5 ಲಕ್ಷ. 2011ರಲ್ಲೇ ನಮ್ಮ ತುಮಕೂರು ಜಿಲ್ಲೆಯೊಂದರಲ್ಲಿ ಅದಕ್ಕಿಂತ ಹೆಚ್ಚು ಜನರಿದ್ದರು. ಇಷ್ಟು ನೆಲವಿದ್ದೂ ಅಲ್ಲಿನ ಇಬಾನ್ ಬುಡಕಟ್ಟಿನವರು ತಲೆತಲಾಂತರದಿಂದ ಊರಿಗೆ ಊರೇ ಒಂದು ಸೂರಿನಡಿ ಬಾಳಿದವರು!

ಈ 'ರುಮಾ ಪಂಜಾಯ್', ಅಂದರೆ ಉದ್ದಮನೆ, ಎಷ್ಟು ದೊಡ್ಡದೆಂದು ಕೇಳಿದರೆ ಬಾಗಿಲುಗಳ ಲೆಕ್ಕ ಹೇಳುತ್ತಾರೆ. ಬಾಗಿಲಿಗೊಂದು ಸಂಸಾರ. ಇಪ್ಪತ್ತು ಮೂವತ್ತು ಬಾಗಿಲು ಸಾಮಾನ್ಯ, ಐವತ್ತು ದಾಟುವುದೂ ಉಂಟು. ಸಂಸಾರಕ್ಕೆ 5 ಮೀಟರ್ ಅಗಲ ಹಿಡಿದರೂ 50 ಬಾಗಿಲಿಗೆ 250 ಮೀಟರ್ ಆಯಿತು. ನಮ್ಮ ವಿಧಾನಸೌಧದ ಉದ್ದ 700 ಅಡಿ, ಅಂದರೆ 213 ಮೀಟರ್. ಕಾಡಿನೊಳಗೆ, ಹೊಳೆಯ ದಂಡೆಯಲ್ಲಿ, ಕಂಬಗಳ ಮೇಲೆ ನಿಂತ ಮರದ ಮನೆ ಅದಕ್ಕಿಂತ ಉದ್ದ!

ಒಳಗಿನ ಏರ್ಪಾಡು ಇನ್ನೂ ಸೊಗಸು. ಹಿಂದಿನ ಅರ್ಧದಲ್ಲಿ ಸಾಲಾಗಿ 'ಬಿಲೆಕ್'ಗಳು. ಪ್ರತಿ ಸಂಸಾರಕ್ಕೂ ಅದರದೇ ಕೋಣೆ, ಅದರದೇ ಒಲೆ, ಅಟ್ಟದ ಮೇಲೆ ಅದರದೇ ಭತ್ತ. ಮುಂದಿನ ಅರ್ಧ 'ರುವಾಯ್', ಈ ತುದಿಯಿಂದ ಆ ತುದಿವರೆಗೆ ನಡುವೆ ಒಂದೂ ಗೋಡೆಯಿಲ್ಲದ ಜಗಲಿ. ತನ್ನ ಬಾಗಿಲೆದುರಿನ ಹಲಗೆ ಹಾಕಿ ರಿಪೇರಿ ಮಾಡುವುದು ಆಯಾ ಸಂಸಾರ. ಓಡಾಡುವುದು ಇಡೀ ಊರು. ಚಾಪೆ ಹೆಣೆಯುವುದು, ಬಲೆ ಸರಿಪಡಿಸುವುದು, ನೆಂಟರನ್ನು ಮಲಗಿಸುವುದು, ಮುಖ್ಯಸ್ಥ 'ತುವಾಯ್ ರುಮಾ'ನ ಎದುರು ಜಗಳ ಬಗೆಹರಿಸಿಕೊಳ್ಳುವುದು ಎಲ್ಲ ಅಲ್ಲೇ. ತಲೆ ಕಡಿಯುವ ದಾಳಿಗಳ ಕಾಲದಲ್ಲಿ ಒಟ್ಟಿಗಿರುವುದೇ ಕೋಟೆಯಾಗಿತ್ತು.

ಒಂದೇ ಸೂರಿನಡಿ ಬಾಳುವ ಇನ್ನೊಂದು ಯೋಚನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1929ರಲ್ಲಿ ಮಾಸ್ಕೋದಲ್ಲಿ ವಾಸ್ತುಶಿಲ್ಪಿ ಇವಾನ್ ನಿಕೊಲಾಯೆವ್ ಜವಳಿ ಸಂಸ್ಥೆಯ 2,000 ವಿದ್ಯಾರ್ಥಿಗಳಿಗೆಂದು ಸಾಮುದಾಯಿಕ ವಸತಿಯ ನಕ್ಷೆ ಬರೆದ. ಮಲಗುವ ಕಟ್ಟಡವೇ 200 ಮೀಟರ್ ಉದ್ದ, ಎಂಟು ಮಹಡಿ. ಇಬ್ಬರಿಗೆ 6 ಚದರ ಮೀಟರಿನ ಗೂಡು, ಅದೂ ನಿದ್ದೆಗಷ್ಟೇ. ಊಟ, ಓದು ಎಲ್ಲ ಸಾಮೂಹಿಕ. ನಕ್ಷೆಯಲ್ಲಿ ಖಾಸಗಿ ಬದುಕಿಗೆ ಉಳಿದದ್ದು ಹಾಸಿಗೆ ಮಾತ್ರ. ಇಬಾನರು ಒಲೆಯನ್ನು ಸಂಸಾರಕ್ಕೆ ಬಿಟ್ಟು ಜಗಲಿಯನ್ನು ಹಂಚಿಕೊಂಡರು. ನನ್ನ ಮಟ್ಟಿಗೆ ಇದೇ ಹೆಚ್ಚಿನ ಜಾಣತನ.

ಅಪಾಯವೂ ದೊಡ್ಡದೇ. ಒಂದು ಒಲೆಯ ಕಿಡಿಗೆ ಹತ್ತಾರು ಸಂಸಾರಗಳು ಬೀದಿಗೆ ಬಿದ್ದದ್ದಿದೆ. ಆದರೂ 1990ರ ದಶಕದ ಕೊನೆಗೆ ಸರವಾಕ್‌ನ ಬಕುನ್ ಅಣೆಕಟ್ಟೆಗಾಗಿ ಸುಮಾರು 10,000 ಜನರನ್ನು ಎಬ್ಬಿಸಿದಾಗ ಸುಂಗಾಯ್ ಅಸಾಪ್‌ನಲ್ಲಿ ಅವರಿಗೆ ಮತ್ತೆ ಕಟ್ಟಿಕೊಟ್ಟದ್ದು ಉದ್ದಮನೆಗಳನ್ನೇ.

ಸರವಾಕ್‌ಗೆ ಹೋಗುವವರು ಕುಚಿಂಗ್ ಪೇಟೆ ನೋಡಿ ಹಿಂತಿರುಗಬೇಡಿ. ಜೂನ್ 1ರ ಗವಾಯ್ ಸುಗ್ಗಿಹಬ್ಬಕ್ಕೆ ಹೊಂದಿಸಿಕೊಂಡು ಹೋಗಿ. ಅಂದು ಉದ್ದಮನೆಗಳಲ್ಲಿ ಬಾಗಿಲು ಬಾಗಿಲಿಗೂ ಅತಿಥಿಗಳನ್ನು ಕರೆಯುತ್ತಾರೆ.